ಬಿಸಿಲು ಬಾರದ ಮನೆಯಲ್ಲಿ ಬೆಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪದ ಬೆಳಕಿನಲ್ಲಿ ಮನೆಯೊಳಗೇ ಸೊಪ್ಪು, ಮೆಣಸಿನಕಾಯಿ ಬೆಳೆಯಲು ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಬಹುಪಾಲು ಪತ್ರಗಳಲ್ಲಿ ಕಾಣುವ ತೊಂದರೆ ಒಂದೇ. ಬೆಳಕು ಸಾಲದೆ ಸೊರಗಿದ ಗಿಡಕ್ಕೆ ನೀರು, ಗೊಬ್ಬರ ಹೆಚ್ಚಿಸುತ್ತಿದ್ದಾರೆ. ಹಾಗಾಗಿ ಬೆಳಕಿನ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಎರಡನೇ ಮಹಡಿಯ ಫ್ಲ್ಯಾಟ್. ಎದುರಿಗೇ ಇನ್ನೊಂದು ಕಟ್ಟಡ, ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ. ಹಾಲ್‌ನಲ್ಲಿ 12 ವ್ಯಾಟಿನ ಎಲ್‌ಇಡಿ ಬಲ್ಬಿನ ಕೆಳಗೆ ಮೆಣಸಿನ ಬೀಜ, ಕೊತ್ತಂಬರಿ ಹಾಕಿದೆ. ಮೊಳಕೆ ಚೆನ್ನಾಗಿಯೇ ಬಂತು, ಆದರೆ ವಾರದೊಳಗೆ ದಾರದ ಹಾಗೆ ಉದ್ದ ಎಳೆದುಕೊಂಡು ಬಿದ್ದುಹೋದವು. ನೀರು ಜಾಸ್ತಿಯಾಯಿತೆ?
— ವಿಜಯನಗರ, ಬೆಂಗಳೂರು

ಉತ್ತರ: ನೀರಿನದಲ್ಲ, ಬೆಳಕಿನದೇ ಕೊರತೆ. ಮೊಳಕೆ ಒಡೆಯಲು ಬೀಜದೊಳಗಿನ ದಾಸ್ತಾನು ಸಾಕು, ಅದಕ್ಕೇ ಶುರುವಿನಲ್ಲಿ ಎಲ್ಲ ಸರಿಯಿದ್ದಂತೆ ಕಂಡಿದೆ. ದಾಸ್ತಾನು ಮುಗಿದ ಮೇಲೆ ಸಸಿ ಬೆಳಕು ಹುಡುಕಿಕೊಂಡು ಕಾಂಡ ಎಳೆಯುತ್ತದೆ. 12 ವ್ಯಾಟಿನ ಬಲ್ಬಿನಿಂದ ಮೂರು ಅಡಿ ಕೆಳಗೆ 500 ಲಕ್ಸ್ ಬೆಳಕು ಸಿಕ್ಕರೆ ಹೆಚ್ಚು. ಓದಲು ಅದು ಧಾರಾಳವಾಯಿತು. ಆದರೆ ಸೊಪ್ಪಿನ ಗಿಡಕ್ಕೆ ಕನಿಷ್ಠ 15,000 ಲಕ್ಸ್ ಬೇಕು, ಹೂ ಬಿಟ್ಟು ಕಾಯಿ ಕಟ್ಟಬೇಕಾದ ಮೆಣಸಿಗೆ 25,000ದಿಂದ 30,000. ನಮ್ಮ ಕಣ್ಣು ಕಡಿಮೆ ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತಾಗುವುದೇ ಇಲ್ಲ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ತೀರಾ ನಿಖರವಲ್ಲದಿದ್ದರೂ 500ಕ್ಕೂ 15,000ಕ್ಕೂ ಇರುವ ವ್ಯತ್ಯಾಸವನ್ನು ಅದು ಚೆನ್ನಾಗಿಯೇ ತೋರಿಸುತ್ತದೆ.

ಕಡಿಮೆ ಖರ್ಚಿನ ವ್ಯವಸ್ಥೆ ಹೀಗಿದೆ. 4 ಅಡಿ ಉದ್ದ, 1 ಅಡಿ ಅಗಲದ ಒಂದು ಕಬ್ಬಿಣದ ರ್‍ಯಾಕ್. ಅದರ ಮೇಲಿನ ಹಲಗೆಯ ತಳಕ್ಕೆ 20 ವ್ಯಾಟಿನ, 4 ಅಡಿಯ ಎಲ್‌ಇಡಿ ಟ್ಯೂಬ್‌ಲೈಟ್ ನಾಲ್ಕು, ಸಾಲಾಗಿ. ಡಬ್ಬಿಯ ಮೇಲೆ 6500 ಕೆ ಎಂದು ಬರೆದಿರುವ ಬಿಳಿ ಬೆಳಕಿನವು ಸಾಕು. ಒಂದೊಂದು ಟ್ಯೂಬ್ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್, ಈ ಹಲಗೆಯೋ ಅರ್ಧ ಚದರ ಮೀಟರೂ ಇಲ್ಲ. ಹಾಗಾಗಿ ಆಚೀಚೆ ಚೆಲ್ಲಿಹೋಗುವುದನ್ನು ಕಳೆದರೂ ಗಿಡದ ಮೇಲೆ 16,000 ಲಕ್ಸ್ ಬೀಳುತ್ತದೆ. ಮೂರು ಬದಿಗೂ ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ಚೆಲ್ಲುವ ಬೆಳಕೂ ತಿರುಗಿ ಗಿಡಕ್ಕೇ ಬರುತ್ತದೆ. ಟ್ಯೂಬಿಗೂ ಗಿಡದ ಕುಡಿಗೂ 6ರಿಂದ 8 ಇಂಚು ಅಂತರವಿರಲಿ. ಗಿಡ ಬೆಳೆದಂತೆ ದೀಪ ಮೇಲೆತ್ತುವುದಕ್ಕಿಂತ, ಮೊದಲು ಕುಂಡದ ಕೆಳಗೆ ಇಟ್ಟಿಗೆ ಇಟ್ಟು ಆಮೇಲೆ ಒಂದೊಂದಾಗಿ ತೆಗೆಯುವುದು ಸುಲಭ.

ಎಷ್ಟು ಹೊತ್ತು ಉರಿಸಬೇಕು ಎಂಬುದು ಅಷ್ಟೇ ಮುಖ್ಯ. ಗಿಡ ದಿನವಿಡೀ ಉಂಡ ಬೆಳಕಿನ ಒಟ್ಟು ಮೊತ್ತವನ್ನು ಮೋಲ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಬಿಳಿ ಎಲ್‌ಇಡಿಯ ಲಕ್ಸ್ ಅನ್ನು 70ರಿಂದ ಭಾಗಿಸಿ, ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿ. 16,000 ಲಕ್ಸ್, 14 ಗಂಟೆ ಎಂದರೆ ಸುಮಾರು 11.5 ಮೋಲ್. ಸೊಪ್ಪಿಗೆ 12ರ ಆಸುಪಾಸು ಸಾಕು, ಮೆಣಸಿಗೆ 20 ದಾಟಬೇಕು. ನಮ್ಮ ಬಯಲಿನಲ್ಲಿ ಬೇಸಿಗೆಯ ದಿನ 40 ದಾಟುವುದುಂಟು. ಅಂದರೆ ಈ ರ್‍ಯಾಕಿನಲ್ಲಿ ಮೆಂತ್ಯ, ದಂಟು, ಪುದೀನ ಚೆನ್ನಾಗಿ ಬರುತ್ತವೆ. ಮೆಣಸಿಗೆ ಅದೇ ಜಾಗದಲ್ಲಿ ಇನ್ನೂ ಮೂರು ಟ್ಯೂಬ್ ಸೇರಿಸಿ 16 ಗಂಟೆ ಕೊಡಬೇಕು. ಕೊತ್ತಂಬರಿಗೆ ಮಾತ್ರ 12 ಗಂಟೆ ಮೀರಿಸಬೇಡಿ. ಹಗಲು ಉದ್ದವಾಗಿ ಸೆಕೆಯೂ ಸೇರಿದರೆ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಹೋಗುತ್ತದೆ. 24 ಗಂಟೆ ಉರಿಸಿದರೆ ಬೇಗ ಬೆಳೆಯುತ್ತದೆ ಎಂದುಕೊಳ್ಳಬೇಡಿ. ಟೊಮೆಟೊದಂಥ ಗಿಡಗಳ ಎಲೆಯೇ ಹಳದಿಯಾಗಿ ಕೆಡುತ್ತದೆ. ಒಂದು ಟೈಮರ್ ಹಾಕಿಬಿಡಿ.

ನೇರಳೆ ಬೆಳಕಿನ '1000 ವ್ಯಾಟ್' ದೀಪಗಳ ಬಗ್ಗೆ ಎಚ್ಚರ. ಹೆಸರಿನಲ್ಲಿರುವ ವ್ಯಾಟ್ ಬೇರೆ, ನಿಜಕ್ಕೂ ಎಳೆಯುವ ವ್ಯಾಟ್ ಬೇರೆ. ಎಷ್ಟೋ ದೀಪಗಳು 100 ವ್ಯಾಟನ್ನೂ ಎಳೆಯುವುದಿಲ್ಲ. ಜೊತೆಗೆ ಆ ಬಣ್ಣದಲ್ಲಿ ಎಲೆ ಹಳದಿಯಾಗಿದ್ದರೂ ಕಾಣುವುದಿಲ್ಲ, ರೋಗ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಕರೆಂಟ್ ಖರ್ಚು: 80 ವ್ಯಾಟ್, 14 ಗಂಟೆಗೆ ದಿನಕ್ಕೆ 1.12 ಯೂನಿಟ್, ತಿಂಗಳಿಗೆ 34 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 200 ರೂಪಾಯಿ. ಗೃಹಜ್ಯೋತಿ ಇರುವ ಮನೆಯವರು ತಮಗೆ ನಿಗದಿಯಾದ ಯೂನಿಟ್ ಎಷ್ಟು, ಈಗ ಬಳಸುತ್ತಿರುವುದು ಎಷ್ಟು ಎಂದು ಬಿಲ್ಲಿನಲ್ಲಿ ನೋಡಿಕೊಂಡೇ ಶುರು ಮಾಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಾಗಲಿ ಕುಂಡದ ಕೆಳಗಾಗಲಿ ಬಿಡದೆ ಗೋಡೆಗೆ ಎತ್ತರದಲ್ಲಿ ಬಿಗಿಸಿ.

ಪ್ರಶ್ನೆ: ಕೋಕೋಪೀಟ್‌ನಲ್ಲಿ ಮೆಣಸಿನ ಸಸಿ ನೆಟ್ಟಿದ್ದೇನೆ. ಬೆಳಕು ಸಾಕಷ್ಟಿದೆ. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಬೋರ್‌ವೆಲ್ ನೀರು ಗಡಸು, ಕೆಲವೊಮ್ಮೆ ಆರ್‌ಒ ಯಂತ್ರದಿಂದ ಹೊರಬರುವ ನೀರನ್ನೂ ಹಾಕುತ್ತೇನೆ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಎರಡು ಪಟ್ಟು ಕೊಟ್ಟರೂ ಸುಧಾರಿಸಿಲ್ಲ.
— ಯಲಹಂಕ

ಉತ್ತರ: ಗೊಬ್ಬರವನ್ನು ಇವತ್ತೇ ನಿಲ್ಲಿಸಿ. ನೀವು ಬರೆದಿರುವುದು ಕಬ್ಬಿಣದ ಕೊರತೆಯ ಲಕ್ಷಣ, ಆದರೆ ಕುಂಡದಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಗಡಸು ನೀರಿನ ಬೈಕಾರ್ಬೊನೇಟ್ ಕುಂಡದ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನು 7ರ ಮೇಲಕ್ಕೆ ತಳ್ಳುತ್ತದೆ, ಆಗ ಕಬ್ಬಿಣ ಕರಗದ ರೂಪಕ್ಕೆ ಹೋಗಿ ಬೇರಿಗೆ ಸಿಗುವುದಿಲ್ಲ. ಕೋಕೋಪೀಟ್‌ನಲ್ಲಿ ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಹೆಚ್ಚು. ನೆಲ ಒರೆಸಲು ಸರಿ, ಕುಂಡಕ್ಕೆ ಬೇಡ. ಬಯಲಿನ ಮಣ್ಣಿನಲ್ಲಾದರೆ ಮಳೆ ಬಂದು ಉಪ್ಪು ತೊಳೆದುಹೋಗುತ್ತದೆ, ಮನೆಯೊಳಗಿನ ಕುಂಡದಲ್ಲಿ ಅದು ಅಲ್ಲೇ ಕೂರುತ್ತದೆ.

ಮೊದಲು ಕುಂಡವನ್ನು ಬಚ್ಚಲಿಗೆ ಒಯ್ದು, ಕುಂಡದ ಗಾತ್ರದ ಮೂರು ಪಟ್ಟು ಮಳೆನೀರು ಅಥವಾ ಆರ್‌ಒದ ಕುಡಿಯುವ ನೀರನ್ನು ನಿಧಾನವಾಗಿ ಸುರಿದು ತೊಳೆಯಿರಿ. ಆಮೇಲೆ ಬೋರ್ ನೀರು ಅರ್ಧ, ಕುಡಿಯುವ ನೀರು ಅರ್ಧ ಬೆರೆಸಿ ಹಾಕಿ. ಪಿಎಚ್ ಕಾಗದದಿಂದ ನೋಡಿ, 6.5 ದಾಟಿದ್ದರೆ ಸಿಟ್ರಿಕ್ ಆಮ್ಲದ ಹರಳನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸಿ ಇಳಿಸಿ. ಕಬ್ಬಿಣ ಕೊಡಬೇಕಾದರೆ, ಅದನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ಇಡಿಡಿಎಚ್‌ಎ ರೂಪದ್ದನ್ನು ಕೇಳಿ ತನ್ನಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ್ದು ಪಿಎಚ್ 6.5 ದಾಟಿದರೆ ಹಿಡಿತ ಬಿಡುತ್ತದೆ. ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೆ ಗಾಬರಿ ಬೇಡ, ಇನ್ನು ಮುಂದೆ ಬರುವ ಎಲೆ ನೋಡಿ ತೀರ್ಮಾನಿಸಿ.

ಮುಂದಿನ ಸಲ ಕೋಕೋಪೀಟ್ ಇಟ್ಟಿಗೆಯನ್ನು ಹಾಗೇ ನೆನೆಸಿ ಬಳಸಬೇಡಿ. ತೆಂಗಿನ ನಾರಿನ ಪುಡಿ ಸೋಡಿಯಂ, ಪೊಟ್ಯಾಸಿಯಂ ಹಿಡಿದಿಟ್ಟುಕೊಂಡಿರುತ್ತದೆ. ನೀವು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ತಾನು ಹೀರಿಕೊಂಡು ಅವನ್ನು ಹೊರಗೆ ಬಿಡುತ್ತದೆ, ಗಿಡ ಉಪವಾಸ ಬೀಳುತ್ತದೆ. 650 ಗ್ರಾಮಿನ ಇಟ್ಟಿಗೆ ನೆನೆದರೆ ಎಂಟು ಲೀಟರ್ ಆಸುಪಾಸು ಆಗುತ್ತದೆ. ಮೂರು ಸಲ ನೀರಿನಲ್ಲಿ ತೊಳೆದು ಹಿಂಡಿ, 20 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮತ್ತೊಮ್ಮೆ ತೊಳೆಯಿರಿ. ಇದರ ಎರಡು ಪಾಲಿಗೆ ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು). ಸಸಿಗೆ ನಾಲ್ಕು ಎಲೆ ಬಂದ ಮೇಲೆ 19:19:19 ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಮಧ್ಯದಲ್ಲಿ ಒಂದು ದಿನ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಅರ್ಧ ಗ್ರಾಂ. ಎರಡನ್ನೂ ಗಟ್ಟಿಯಾಗಿ ಕಲಸಿ ಒಂದೇ ಬಾಟಲಿಯಲ್ಲಿ ಇಡಬೇಡಿ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಬಿಳಿ ಗಷ್ಟಾಗಿ ತಳಕ್ಕೆ ಇಳಿಯುತ್ತದೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ.

ಪ್ರಶ್ನೆ: ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತವೆ. ಬೇವಿನ ಎಣ್ಣೆ ಸಿಂಪಡಿಸಿದರೂ ಮತ್ತೆ ಬರುತ್ತವೆ.
— ಮೈಸೂರು

ಉತ್ತರ: ಹಾರುವುದನ್ನು ಕೊಂದರೆ ಸಾಲದು. ಅವುಗಳ ಮರಿಹುಳು ಕುಂಡದ ಮೇಲಿನ ಎರಡು ಇಂಚು ಹಸಿಯಲ್ಲಿ ಶಿಲೀಂಧ್ರ ಮತ್ತು ಎಳೆ ಬೇರು ತಿಂದು ಬೆಳೆಯುತ್ತದೆ. ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲಿಟ್ಟು ಎರಡು ದಿನ ಬಿಟ್ಟು ತಿರುಗಿಸಿ ನೋಡಿ, ಕಪ್ಪು ತಲೆಯ ಬಿಳಿ ಹುಳು ಅಂಟಿಕೊಂಡಿರುತ್ತದೆ. ಮೇಲಿನ ಒಂದು ಇಂಚು ಪೂರ್ತಿ ಒಣಗುವವರೆಗೆ ನೀರು ಹಾಕಬೇಡಿ, ಆಮೇಲೂ ಕೆಳಗಿನ ತಟ್ಟೆಗೆ ಸುರಿದು ತಳದಿಂದಲೇ ಕುಡಿಸಿ. ಹಳದಿ ಅಂಟುಕಾರ್ಡನ್ನು ಮಣ್ಣಿನ ಮಟ್ಟಕ್ಕೇ ಚುಚ್ಚಿ. ಸೊಳ್ಳೆ ಮರಿ ನಿಯಂತ್ರಣಕ್ಕೆ ಬಳಸುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಸಿಕ್ಕರೆ ನೀರಿನಲ್ಲಿ ಕಲಸಿ ವಾರಕ್ಕೊಮ್ಮೆ ಕೊಡಿ. ಮೊಟ್ಟೆಯಿಂದ ನೊಣವಾಗಲು ಮೂರ್ನಾಲ್ಕು ವಾರ ಬೇಕು, ಆದ್ದರಿಂದ ಒಂದೇ ವಾರಕ್ಕೆ ಕೈಬಿಟ್ಟರೆ ಮತ್ತೆ ಮೊದಲಿನಿಂದ.

ಪ್ರಶ್ನೆ: ಮೆಣಸಿನ ಗಿಡ ದಟ್ಟ ಹಸಿರಾಗಿದೆ, ಹೂವೂ ಬಿಡುತ್ತದೆ, ಆದರೆ ಎಲ್ಲ ಉದುರುತ್ತವೆ. ಕೆಲವು ಎಲೆ ಮುದುಡಿವೆ.
— ಹುಬ್ಬಳ್ಳಿ

ಉತ್ತರ: ಮನೆಯೊಳಗೆ ಗಾಳಿಯಿಲ್ಲ, ಜೇನಿಲ್ಲ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ಪರಾಗ ಉದುರಲು ಅಲುಗಾಟ ಬೇಕು. ದೀಪ ಹತ್ತಿದ ಮೂರು ನಾಲ್ಕು ಗಂಟೆಯ ಮೇಲೆ, ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೇಬಲ್ ಫ್ಯಾನ್ ದೂರದಿಂದ ಎಲೆ ಅಲುಗುವಷ್ಟು ಬೀಸಿದರೆ ಇನ್ನೂ ಒಳ್ಳೆಯದು, ಕಾಂಡವೂ ಗಟ್ಟಿಯಾಗುತ್ತದೆ. ಎಲೆ ದಟ್ಟ ಹಸಿರೆಂದರೆ ಸಾರಜನಕ ಹೆಚ್ಚಿದೆ. ಹೂವಿನ ಹಂತದಲ್ಲಿ 19:19:19 ಬಿಟ್ಟು 13:0:45 ಕೊಡಿ, ಲೀಟರಿಗೆ 1 ಗ್ರಾಂ. ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಕೋಣೆ 35 ಡಿಗ್ರಿ ದಾಟಿದರೆ ಏನೇ ಮಾಡಿದರೂ ಹೂ ಉದುರುತ್ತದೆ. ದೀಪವನ್ನು ರಾತ್ರಿ ಉರಿಸಿ ಹಗಲು ಆರಿಸಿದರೆ ಸ್ವಲ್ಪ ತಂಪು ಸಿಗುತ್ತದೆ.

ಮುದುಡಿದ ಎಲೆಯನ್ನು ಗಮನಿಸಿ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ನುಸಿ. ಮದ್ದು ಬೇರೆ ಬೇರೆ. ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕದಡಲು 1 ಮಿಲಿ ಸೋಪಿನ ದ್ರಾವಣ. ನುಸಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಎರಡರ ನಡುವೆ ಎರಡು ವಾರ ಅಂತರವಿಲ್ಲದಿದ್ದರೆ ಎಲೆ ಸುಡುತ್ತದೆ. ಸಿಂಪಡಣೆಗೆ ಕುಂಡವನ್ನು ಹೊರಗೊಯ್ಯಿರಿ, ಎಲೆ ಒಣಗಿದ ಮೇಲೇ ದೀಪದಡಿ ಇಡಿ.

ಪ್ರಶ್ನೆ: ಬೆಳೆಸುವ ಡೇರೆ, ದೀಪ ಎಲ್ಲ ತರಿಸಿದ್ದೇನೆ. ಗೆಳೆಯರು ಒಂದೇ ಒಂದು ಗಾಂಜಾ ಗಿಡ ಹಾಕಿದರೆ ಏನೂ ಆಗುವುದಿಲ್ಲ, ಜರ್ಮನಿಯಲ್ಲಿ ಬಿಟ್ಟಿದ್ದಾರಲ್ಲ ಎನ್ನುತ್ತಾರೆ. ನಿಜವೆ?
— ಮಂಗಳೂರು

ಉತ್ತರ: ಅಲ್ಲ. ಡೇರೆ, ದೀಪ ಇಟ್ಟುಕೊಳ್ಳುವುದು ತಪ್ಪಲ್ಲ, ಆ ಗಿಡ ಬೆಳೆಸುವುದು ಅಪರಾಧ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 20ನೇ ಕಲಮಿನಲ್ಲಿ ಗಾಂಜಾ ಗಿಡದ ಕೃಷಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಂದು ಗಿಡಕ್ಕೆ ವಿನಾಯಿತಿ ಎಂಬುದಿಲ್ಲ. ಭಂಗಿ ಸೊಪ್ಪಿಗೆ ಕಾಯ್ದೆಯಲ್ಲಿ ಬೇರೆ ಸ್ಥಾನ ಇರುವುದನ್ನು ಹಿಡಿದು ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅದು ಸೊಪ್ಪಿನ ಮಾತು, ಗಿಡ ನೆಡಲು ಅನುಮತಿಯಲ್ಲ. ಉತ್ತರಾಖಂಡದಲ್ಲಿ ನಾರಿಗಾಗಿ ಬೆಳೆಯುವುದೂ ಪರವಾನಗಿ ಪಡೆದೇ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮನೆಯಲ್ಲಿ ಮೂರು ಗಿಡ ಇಟ್ಟುಕೊಳ್ಳಬಹುದು ಎಂಬುದು ಸರಿ. ಆದರೆ ಅದು ಅಲ್ಲಿ ಆರು ತಿಂಗಳಿಂದ ನೆಲೆಸಿರುವವರಿಗೆ ಮಾತ್ರ, ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಷರತ್ತಿನೊಂದಿಗೆ. ಆ ಕಾನೂನು ಮಂಗಳೂರಿಗೆ ಬರುವುದಿಲ್ಲ.

ತಂದ ಡೇರೆಯಲ್ಲಿ ಮೆಣಸು, ತುಳಸಿ, ಟೊಮೆಟೊ ಬೆಳೆಯಿರಿ. ಕರಾವಳಿಯ ತೇವಕ್ಕೆ ಮುಚ್ಚಿದ ಡೇರೆಯಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಮೇಲೆ ಗಾಳಿ ಹೊರಗೆಳೆಯುವ ಸಣ್ಣ ಫ್ಯಾನ್ ಹಾಕಿ, ಕೆಳಗಿನ ಕಿಂಡಿ ತೆರೆದಿಡಿ, ಮಳೆಗಾಲದಲ್ಲಿ ಬಾಗಿಲು ಕಟ್ಟಲೇಬೇಡಿ.

ಪ್ರಶ್ನೆ: ಕುಂಡದಲ್ಲಿ ಕರಿಬೇವು ಇಟ್ಟಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿತ್ತು, ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರುತ್ತಿದೆ. ಊರಿನಲ್ಲಿ ಅಮ್ಮ ಹುಳಿ ಮಜ್ಜಿಗೆ ಹಾಕು ಎನ್ನುತ್ತಾರೆ. ಮುಂದಿನ ಸಲ ಊರಿಂದಲೇ ಸಸಿ ತರಲೆ?
— ಲಂಡನ್

ಉತ್ತರ: ಸಸಿ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡ ಒಯ್ಯುವಂತಿಲ್ಲ. ಕರಿಬೇವು ನಿಂಬೆಯ ಕುಟುಂಬದ್ದು, ಕಿತ್ತಳೆ ತೋಟಗಳನ್ನೇ ಹಾಳುಮಾಡುವ ರೋಗ ಹರಡುವ ಜಿಗಿಹುಳು ಇದರ ಮೇಲೂ ಬದುಕುತ್ತದೆ. ಈಗಿರುವ ಗಿಡವೇ ಉಳಿಯುತ್ತದೆ.

ಲಂಡನ್ನಿನ ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇಲ್ಲ, ಕಿಟಕಿಯಂಚು ರಾತ್ರಿ ತಣ್ಣಗಾಗುತ್ತದೆ. ಗಿಡ ಎಲೆ ಉದುರಿಸಿ ಮಲಗುವುದು ಅದಕ್ಕೇ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಎರಡು ದಾರಿಯಿವೆ. ಮಲಗಲು ಬಿಡುವುದಾದರೆ ಗೊಬ್ಬರ ಬೇಡ, ಮಣ್ಣು ಎರಡು ಇಂಚು ಒಣಗಿದ ಮೇಲೆ ಒಂದು ಲೋಟ ನೀರು ಅಷ್ಟೆ. ಚಳಿಗಾಲದಲ್ಲಿ ಕರಿಬೇವು ಸಾಯುವುದು ಹೆಚ್ಚಾಗಿ ಚಳಿಯಿಂದಲ್ಲ, ತಣ್ಣನೆ ಒದ್ದೆಯಲ್ಲಿ ಬೇರು ಕೊಳೆತು. ಎಲೆ ಬೇಕೇ ಬೇಕೆಂದರೆ 20 ಡಿಗ್ರಿ ದಾಟಿದ ಕೋಣೆಯಲ್ಲಿ, ಕುಡಿಯ ಮಟ್ಟದಲ್ಲಿ 20,000 ಲಕ್ಸ್ ಬೀಳುವಂತೆ 14 ಗಂಟೆ ದೀಪ ಕೊಡಿ. ಆಗ ಮೂರು ವಾರಕ್ಕೊಮ್ಮೆ ಅರ್ಧ ಪ್ರಮಾಣದ ಗೊಬ್ಬರ. ರೇಡಿಯೇಟರ್ ಪಕ್ಕ ಇಡಬೇಡಿ, ಒಣ ಗಾಳಿಗೆ ಎಲೆಯ ತಳದಲ್ಲಿ ಕೆಂಪು ನುಸಿ ಬರುತ್ತದೆ.

ಅಮ್ಮನ ಮಾತಿನಲ್ಲಿ ಹುರುಳಿದೆ. ಮಜ್ಜಿಗೆಯ ಹುಳಿ ಮಣ್ಣಿನ ಪಿಎಚ್ ಸ್ವಲ್ಪ ಇಳಿಸಿ ಕಬ್ಬಿಣ ಸಿಗುವಂತೆ ಮಾಡುತ್ತದೆ. ಹಿತ್ತಲಲ್ಲಿ ಒಂದಕ್ಕೆ ಹತ್ತು ನೀರು ಬೆರೆಸಿ ಹಾಕುವುದು ಸರಿಯೇ. ಮುಚ್ಚಿದ ಮನೆಯಲ್ಲಿ ಮಾತ್ರ ವಾಸನೆ, ಬೂಷ್ಟು, ಮೈಸೂರಿನವರು ಬರೆದ ಆ ನೊಣ, ಎಲ್ಲವೂ ಬರುತ್ತವೆ. ಲಂಡನ್ನಿನ ನಲ್ಲಿ ನೀರು ಗಡಸು, ಮಳೆನೀರಿಗೆ ಅಲ್ಲಿ ಬರವಿಲ್ಲ. ಅದನ್ನೇ ಹಿಡಿದು ಕೋಣೆಯ ಬಿಸಿಗೆ ತಂದು ಹಾಕಿ.

ಮಾರ್ಚಿನಲ್ಲಿ ಪ್ರತಿ ಕೊಂಬೆಯ ತುದಿಯನ್ನು ಗಿಣ್ಣಿನ ಮೇಲೆ ಚಿವುಟಿ, ಒಂದು ಕೊಂಬೆ ಎರಡಾಗುತ್ತದೆ. ಬೇರು ತಳದ ತೂತಿನಿಂದ ಹೊರಬಂದಿದ್ದರೆ ಒಂದೆರಡು ಇಂಚು ದೊಡ್ಡ ಕುಂಡಕ್ಕೆ ಬದಲಿಸಿ, ಏಕಾಏಕಿ ದೊಡ್ಡ ಕುಂಡ ಬೇಡ. ರಾತ್ರಿಯ ಉಷ್ಣತೆ 12 ಡಿಗ್ರಿಯ ಕೆಳಗೆ ಇಳಿಯದ ಮೇಲೆ, ಅಂದರೆ ಜೂನ್ ಹೊತ್ತಿಗೆ, ಹೊರಗಿಡಬಹುದು. ದೀಪದಡಿ ಬಂದ ಎಲೆ ನೇರ ಬಿಸಿಲಿಗೆ ಬಿಳಚಿ ಸುಡುತ್ತದೆ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚಿಸುತ್ತಾ ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ಬಿಡಿ.