ಅಪ್ಪನ ಕಿಡ್ನಿಗೆ ಸುಟ್ಟ ಬಂಗಡೆ ಆಗುತ್ತದೆಯೇ?

ಪ್ರಶ್ನೆ: ನಾವು ಕಾರವಾರದವರು. ಅಪ್ಪನಿಗೆ 64 ವರ್ಷ, ತೂಕ 60 ಕಿಲೋ. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ. ಬಿಪಿ ಇದೆ, ಶುಗರ್ ಇಲ್ಲ, ಡಯಾಲಿಸಿಸ್ ಶುರುವಾಗಿಲ್ಲ. ಕಳೆದ ಸಲ ಪೊಟ್ಯಾಶಿಯಂ ಸ್ವಲ್ಪ ಜಾಸ್ತಿ ಬಂದಿತ್ತು. ರಜೆಗೆ ಅಣ್ಣನ ಮನೆಯವರು ಬರುತ್ತಾರೆ, ತಾರಸಿ ಮೇಲೆ ಬಾರ್ಬೆಕ್ಯೂ ಮಾಡೋಣ ಅಂತಿದ್ದಾರೆ. ಅಪ್ಪನಿಗೆ ಮಾತ್ರ ಗಂಜಿ ಕೊಡಬೇಕಾ?

ಉತ್ತರ: ಬೇಡ. ಎಲ್ಲರೂ ಮೀನು ಸುಡುತ್ತಾ ಕೂತಿರುವಾಗ ಅವರೊಬ್ಬರಿಗೆ ಗಂಜಿ ಕೊಟ್ಟರೆ, ನೀವು ಅತ್ತ ತಿರುಗುವಷ್ಟರಲ್ಲಿ ಮೊಮ್ಮಗನ ತಟ್ಟೆಯಿಂದ ಎರಡು ತುಂಡು ಖಾಲಿಯಾಗಿರುತ್ತದೆ. ಅದರ ಬದಲು ಅವರ ಪಾಲಿನ ಮೀನನ್ನು ನೀವೇ ಬೇರೆಯಾಗಿ ಮಾಡಿಕೊಡಿ.

ಕೆಂಡದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕರಟಿದ ಕಪ್ಪು ಭಾಗ ಕೆರೆದು ತೆಗೆದರೆ ಸಾಕು. ನನಗೆ ಭಯ ಇರುವುದು ಉಪ್ಪಿನದು. ಇಡೀ ದಿನಕ್ಕೆ ಅಪ್ಪನಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಪ್ಯಾಕೆಟ್ ತಂದೂರಿ ಮಸಾಲೆ, ಸೋಯಾ ಸಾಸ್, ಬಾರ್ಬೆಕ್ಯೂ ಸಾಸ್‌ಗಳಲ್ಲಿ ಉಪ್ಪು ಮೊದಲೇ ಇರುತ್ತದೆ. ಅದು ಸಾಲದು ಅಂತ ನಾವು ಮೀನಿಗೆ ಮತ್ತೆ ಉಪ್ಪು ಉಜ್ಜುತ್ತೇವೆ!

ಅಪ್ಪನ ಮೀನಿಗೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಅರಿಶಿನ, ನಿಂಬೆರಸ ಹಾಕಿ ಅರೆದು ಹಚ್ಚಿ. ನಾಲ್ಕು ತೆಪ್ಪಲ (ನಮ್ಮ ಕಡೆ ಮೀನಿಗೆ ಹಾಕುವ ಘಮದ ಕಾಯಿ) ಜಜ್ಜಿ ಸೇರಿಸಿದರೆ ಉಪ್ಪು ಕಡಿಮೆ ಅಂತ ಅಷ್ಟಾಗಿ ಗೊತ್ತಾಗುವುದಿಲ್ಲ. ಹುಳಿಗೆ ಒಣಗಿಸಿದ ಕೋಕಂ ಬೇಡ, ಒಣಗಿಸುವಾಗ ಅದಕ್ಕೂ ಉಪ್ಪು ಬಿದ್ದಿರುತ್ತದೆ. ಉಪ್ಪನ್ನು ಮಸಾಲೆಗೆ ಬೆರೆಸದೆ, ಸುಟ್ಟ ಮೇಲೆ ಒಂದು ಚಿಟಿಕೆ ಉದುರಿಸಿ. ಮೇಲಿದ್ದ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪನ್ನಂತೂ ಮನೆಗೆ ತರಲೇಬೇಡಿ. ಅದರಲ್ಲಿ ಒಂದಷ್ಟು ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ.

ಇನ್ನು ಎಷ್ಟು ತಿನ್ನಬಹುದು? ಡಯಾಲಿಸಿಸ್ ಇಲ್ಲದವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕು. ನಿಮ್ಮ ಅಪ್ಪನಿಗೆ ಅದು 36ರಿಂದ 48 ಗ್ರಾಂ. ಮುಳ್ಳು ಬಿಟ್ಟು 100 ಗ್ರಾಂ ಮೀನಿನಲ್ಲೇ 20 ಗ್ರಾಂ ಹತ್ತಿರ ಬಂದುಬಿಡುತ್ತದೆ. ಹಾಗಾಗಿ ಮಧ್ಯಮ ಗಾತ್ರದ ಒಂದು ಬಂಗಡೆ, ಇಲ್ಲವೇ ಅಷ್ಟೇ ತೂಕದ ಕೋಳಿ. ಎರಡೂ ಅಲ್ಲ. ಅವತ್ತು ಬೇಳೆ, ಮೊಟ್ಟೆ ಬಿಡಲಿ. ತಾರ್ಲೆಯನ್ನು (ಬೂತಾಯಿ) ಮುಳ್ಳಿನ ಸಮೇತ ಅಗಿಯುವ ಅಭ್ಯಾಸ ಇದ್ದರೆ ಅದೂ ಬೇಡ, ಮುಳ್ಳಿನಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. (ಡಯಾಲಿಸಿಸ್‌ನಲ್ಲಿರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಪ್ರೋಟೀನ್ ಇನ್ನೂ ಹೆಚ್ಚು ಬೇಕು.)

ಮೀನು ಪೇಟೆಯಿಂದ ತಾಜಾ ತನ್ನಿ. ಮಸಾಲೆ ಹಚ್ಚಿಟ್ಟ ಫ್ರೋಜನ್ ಕೋಳಿ, ಸಾಸೇಜ್, ಕೋಲಾ ಇವುಗಳಿಗೆ ಫಾಸ್ಫೇಟ್ ರೂಪದಲ್ಲಿ ಇದೇ ರಂಜಕ ಸೇರಿಸಿರುವುದುಂಟು. ಹೀಗೆ ಸೇರಿಸಿದ್ದು ಮೀನಿನಲ್ಲಿ ಸಹಜವಾಗಿರುವುದಕ್ಕಿಂತ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ.

ಕಡ್ಡಿಗೆ ಚುಚ್ಚುವಾಗ ಪೊಟ್ಯಾಶಿಯಂ ಜಾಸ್ತಿ ಇರುವ ಟೊಮೆಟೊ, ಆಲೂಗಡ್ಡೆ, ಗೆಣಸು ಬಿಟ್ಟು ಈರುಳ್ಳಿ, ದೊಣ್ಣೆಮೆಣಸು, ಅನಾನಸ್ ಹಾಕಿ. ಬನವಾಸಿ ಕಡೆಯ ಅನಾನಸ್ ಸಿಕ್ಕರೆ ಎರಡು ಹೋಳು ಕೆಂಡದ ಮೇಲಿಡಿ, ಅಪ್ಪ ಮೀನನ್ನೇ ಮರೆತಾರು. ಎಳನೀರು ಮಾತ್ರ ಬೇಡ. ಒಂದು ಲೋಟದಲ್ಲಿ 400ರಿಂದ 600 ಮಿಲಿಗ್ರಾಂ ಪೊಟ್ಯಾಶಿಯಂ ಇರಬಹುದು. ಹೊಸ ರಕ್ತ ಪರೀಕ್ಷೆ ಮಾಡಿಸಿ ಆ ವಾರವೇ ಡಾಕ್ಟರಿಗೆ ತೋರಿಸಿ. ಪೊಟ್ಯಾಶಿಯಂ ಇನ್ನೂ ಏರಿದ್ದರೆ ಅವರು ಹೇಳಿದಂತೆ ಮಾಡಿ, ನಾನು ಹೇಳಿದಂತೆ ಅಲ್ಲ.

ಕೊನೆಗೊಂದು, ನೀವು ಕೇಳದೇ ಇದ್ದದ್ದು. ನಮ್ಮ ಕಡೆ ಹಿತ್ತಲಿನ ದಾರೆಹುಳಿಯನ್ನು, ಅದೇ ಕಮರಾಕ್ಷಿ, ಮೀನಿಗೆ ಹುಳಿ ಅಂತ ಹಾಕುವುದುಂಟು. ಕಿಡ್ನಿ ಕಾಯಿಲೆ ಇದ್ದವರಿಗೆ ಅದು ವಿಷ. ಗೊತ್ತಿಲ್ಲದೆ ತಿಂದು ಬಿಕ್ಕಳಿಕೆ ನಿಲ್ಲದಿದ್ದರೆ, ಮಾತು ತಡವರಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ, ಏನು ತಿಂದರು ಅಂತ ಅಲ್ಲಿ ಮೊದಲೇ ಹೇಳಿ.