ಸಾಹೇಬರು ‘ಎ ಬಿಟ್ ಪಜಲ್ಡ್’ ಅಂದರೆ?

ಪ್ರಶ್ನೆ: ಮೇಷ್ಟ್ರೇ, ದಾವಣಗೆರೆಯ ಮನೆಯಿಂದಲೇ ಇಂಗ್ಲೆಂಡಿನ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತೇನೆ. ಅಲ್ಲಿಯ ಮ್ಯಾನೇಜರು ‘ಐ ಆ್ಯಮ್ ಎ ಬಿಟ್ ಪಜಲ್ಡ್ ಬೈ ದಿಸ್ ಇನ್‌ವಾಯ್ಸ್’ ಎಂದು ಮೇಲ್ ಹಾಕಿದ್ದಾರೆ. ಸ್ವಲ್ಪ ತಾನೇ, ಸೋಮವಾರ ನೋಡೋಣ ಅಂದರೆ ಜೊತೆಯವರು ‘ಈಗಲೇ ಉತ್ತರ ಕೊಡು’ ಅಂತಾರೆ. ನಾನೂ ಈ ಮಾತು ಬಳಸಬಹುದೇ? ‘ಐ ಆ್ಯಮ್ ಲಿಟಲ್ ಕನ್‌ಫ್ಯೂಸ್ಡ್’ ಅಂತ ಬರೆಯುವುದು ನನ್ನ ರೂಢಿ.
– ಓದುಗಿ, ದಾವಣಗೆರೆ

ಉತ್ತರ: ಜೊತೆಯವರ ಮಾತು ಕೇಳಮ್ಮ. ಸಿಟ್ಟಿದೆಯೋ ಇಲ್ಲವೋ ಒಂದು ಸಾಲಿನಿಂದ ಹೇಳಲಾಗದು. ಇನ್‌ವಾಯ್ಸಿನಲ್ಲಿ ಏನೋ ಕಣ್ಣಿಗೆ ಬಿದ್ದಿದೆ ಅನ್ನುವುದಂತೂ ಖರೆ. ಇಂಗ್ಲೆಂಡಿನವರ ಕಚೇರಿ ಮಾತಿನಲ್ಲಿ ‘ಎ ಬಿಟ್’ ಬಹುಪಾಲು ಮರ್ಯಾದೆಗೆ ಸೇರಿಸುವುದು. ‘ತಪ್ಪು ನಿನ್ನದು’ ಅನ್ನಲು ಸಂಕೋಚ, ಅದಕ್ಕೇ ‘ನನಗೆ ತಿಳಿಯಲಿಲ್ಲ’ ಅನ್ನುತ್ತಾರೆ.

ನಮ್ಮೂರಿಗೇನು ಇದು ಹೊಸದಲ್ಲ. ನಮ್ಮ ತಂದೆ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಸಾಹುಕಾರರು ತೂಕದ ಚೀಟಿಯನ್ನೂ ಖಾತೆ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಹಣೆಗೇರಿಸಿ, ‘ಯಾಕೋ ತಾಳೆ ಆಗವಲ್ದಲ್ಲಪಾ’ ಅನ್ನೋರು. ಪಾಪ, ಸಾಹುಕಾರರಿಗೆ ಲೆಕ್ಕ ತಿಳಿಯಲಿಲ್ಲ ಅಂತ ಅಲ್ಲಿ ಒಬ್ಬರೂ ಅಂದುಕೊಳ್ಳುತ್ತಿರಲಿಲ್ಲ. ಹಮಾಲರು ಚೀಲ ಇಳಿಸಿ ಸುಮ್ಮನೆ ನಿಲ್ಲೋರು. ತಂದೆ ಪೆನ್ಸಿಲ್ ಹಿಡಿದು ಮತ್ತೆ ಮೊದಲಿಂದ ಕೂಡೋಕೆ ಕೂರೋರು. ನಿಮ್ಮ ಮ್ಯಾನೇಜರ ಮಾತೂ ಅದೇ ಜಾತಿಯದು.

ನೀವೂ ಧಾರಾಳವಾಗಿ ಬಳಸಿ, ಆದರೆ ‘ಲಿಟಲ್’ ಹಿಂದೆ ‘ಎ’ ಬಿಡಬೇಡಿ. ‘ಐ ಹ್ಯಾವ್ ಎ ಲಿಟಲ್ ಮನಿ’ ಅಂದರೆ ಕೈಯಲ್ಲಿ ಒಂದಿಷ್ಟು ಕಾಸಿದೆ. ‘ಎ’ ತೆಗೆದರೆ ಜೇಬು ಖಾಲಿ ಅನ್ನಿ. ‘ಬಿಟ್’ಗೂ ‘ಎ’ ಬೇಕು. ‘ಐ ಆ್ಯಮ್ ಕನ್‌ಫ್ಯೂಸಿಂಗ್’ ಅಂತ ಮಾತ್ರ ಬರೆಯಬೇಡಿ: ಗೊಂದಲ ಎಬ್ಬಿಸುವುದು ಇನ್‌ವಾಯ್ಸು, ಗೊಂದಲಕ್ಕೆ ಬಿದ್ದವರು ನೀವು, ಅಂದರೆ ‘ಕನ್‌ಫ್ಯೂಸ್ಡ್’. ‘ಬಿಮ್ಯೂಸ್ಡ್’ ಅನ್ನುವ ಪದವೂ ಇದೆ. ಹಳೆಯ ಅರ್ಥ ತಬ್ಬಿಬ್ಬಾದ ಎಂದೇ. ಈಚೆಗೆ ಒಳಗೊಳಗೆ ನಗು ಬಂತು ಅನ್ನುವುದಕ್ಕೂ ಬಳಸುವವರಿದ್ದಾರೆ. ಲೆಕ್ಕದ ಮೇಲ್‌ನಲ್ಲಿ ಅದರ ಗೊಡವೆಯೇ ಬೇಡ.

ಇನ್ನೊಂದು, ‘ಎ ಬಿಟ್ ಕನ್‌ಫ್ಯೂಸ್ಡ್’ ಅಂತಷ್ಟೇ ಬರೆದು ಕಳಿಸಿದರೆ ಓದಿದವರು ಏನು ಮಾಡಬೇಕು? ಎಲ್ಲಿ ತಿಳಿಯಲಿಲ್ಲ ಅಂತ ಬೆರಳಿಟ್ಟು ತೋರಿಸಿ: ‘ಐ ಆ್ಯಮ್ ಎ ಬಿಟ್ ಕನ್‌ಫ್ಯೂಸ್ಡ್ ಅಬೌಟ್ ದ ಡೇಟ್. ಈಸ್ ಇಟ್ ಮೇ ಆರ್ ಜೂನ್?’ ಬ್ರಿಟನ್ನಿನವರು ನಮ್ಮ ಹಾಗೆ ದಿನ ಮೊದಲು ಬರೆದರೆ ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಹಾಗಾಗಿ 5/6 ಅಂತಿದ್ದರೆ ಅದು ಜೂನ್ 5 ಆಗಬಹುದು, ಮೇ 6 ಆಗಬಹುದು. ಇಂಥ ಕಡೆ ಕೇಳಿದರೆ ಯಾರೂ ದಡ್ಡಿ ಅನ್ನುವುದಿಲ್ಲ. ಕೇಳದೆ ಹಣ ಪಾವತಿಸಿದರೆ ಅಂದಾರು.

ಪ್ರಶ್ನೆ: ‘ಐ ಹ್ಯಾವ್ ಎ ಡೌಟ್’ ಅಂದರೆ ವಿದೇಶಿಯರು ಯಾಕೆ ಹುಬ್ಬು ಗಂಟಿಕ್ಕುತ್ತಾರೆ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ನಮ್ಮ ಕ್ಲಾಸಿನಲ್ಲಿ ಡೌಟ್ ಅಂದರೆ ಬರೀ ಪ್ರಶ್ನೆ. ಅವರಿಗೆ ಅದು ‘ನಿನ್ನ ಮಾತು ನಂಬೋಕಾಗ್ತಿಲ್ಲ’ ಅಂತ ಕೇಳಿಸೀತು. ಅವರ ಮುಂದೆ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಪ್ಪ. ನಿಮ್ಮ ಕಾಲೇಜಿನ ಮೇಷ್ಟ್ರ ಮುಂದೆ ಡೌಟೇ ಇರಲಿ.