ಮಗ ಅಲ್ಲಿ ಒಂಟಿ, ವಾಪಸ್ ಕರೆಸಲೇ?

ಪ್ರಶ್ನೆ: ಹದಿನೈದರ ಮಗನನ್ನು ಜುಲೈನಲ್ಲಿ ಮೆಲ್ಬರ್ನ್‌ನ ಶಾಲೆಗೆ ಸೇರಿಸಿದೆವು, ನಮ್ಮಣ್ಣನ ಮನೆಯಲ್ಲಿದ್ದಾನೆ. ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಒಬ್ಬನೇ ಕೂತಿರುತ್ತಾನಂತೆ. ದಿನಾ ಬೆಳಿಗ್ಗೆ 11ಕ್ಕೆ ಫೋನ್ ಮಾಡಿ ಧೈರ್ಯ ಹೇಳುತ್ತೇನೆ. ವಾಪಸ್ ಕರೆಸಲೇ?
– ಒಬ್ಬ ತಾಯಿ, ಬಸವನಗುಡಿ, ಬೆಂಗಳೂರು

ಉತ್ತರ: ಇಷ್ಟು ಬೇಗ ಬೇಡಮ್ಮ. ಅಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ, ವರ್ಷಕ್ಕೆ 4 ಟರ್ಮ್. ಇವನು ಮೂರನೆಯದಕ್ಕೆ ಹೋಗಿ ಸೇರುವಷ್ಟರಲ್ಲಿ ಹುಡುಗರ ಗುಂಪುಗಳೆಲ್ಲ ಆಗಿಹೋಗಿರುತ್ತವೆ. ಇನ್ನು ನಿಮ್ಮ ಫೋನು. ಇಲ್ಲಿನ 11 ಅಂದರೆ ಅಲ್ಲಿ ಮೂರೂವರೆ, ಶಾಲೆ ಬಿಟ್ಟು ಎಲ್ಲರೂ ಬಸ್‌ಸ್ಟಾಪಿನಲ್ಲಿ ಹರಟೆ ಹೊಡೆಯುವ ಹೊತ್ತು, ಇವನೊಬ್ಬ ಕಿವಿಗೆ ಫೋನಿಟ್ಟುಕೊಂಡು ಗೇಟಿನ ಪಕ್ಕ ನಿಂತಿರುತ್ತಾನೆ, ಅಲ್ವಾ? ಮಧ್ಯಾಹ್ನ ಮೂರರ ಮೇಲೆ ಮಾಡಿ. ಅಕ್ಟೋಬರ್‌ನಲ್ಲಿ ಅಲ್ಲಿ ಕ್ರಿಕೆಟ್ ಸೀಸನ್, ಹತ್ತಿರದ ಕ್ಲಬ್‌ಗೆ ಹೆಸರು ಕೊಡಲಿ, ಸುಮ್ನೆ ಸ್ಕೋರ್ ಬರೆಯುವುದಕ್ಕಾದರೂ ಸರಿ. ವಾಪಸ್ ಬರುವ ಮಾತನ್ನು ಡಿಸೆಂಬರ್ ರಜದಲ್ಲಿ ಅವನನ್ನೇ ಕೇಳಿ.